ಅತಿಥಿಗಳೊಂದಿಗೆ ನಂದಿ ಬೆಟ್ಟದ ಬುಡದಲ್ಲಿ: ಮೌಂಟೇನ್ ಬೈಕ್ ಮತ್ತು ಟೆಂಟ್‌ನ ಎರಡು ದಿನ

ಡಾಂಬರು ರಸ್ತೆ ಬಿಟ್ಟು ಬಂಡಿಜಾಡು, ಕಾಲುದಾರಿ, ಬಂಡೆಹಾಸುಗಳ ಮೇಲೆ ದಪ್ಪ ಟೈರಿನ ಗೇರ್ ಸೈಕಲ್ ತುಳಿಯುವುದೇ ಮೌಂಟೇನ್ ಬೈಕಿಂಗ್. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಗುಡ್ಡಗಳಲ್ಲಿ ಹಳೆಯ ಸೈಕಲ್‌ಗಳನ್ನು ಬದಲಾಯಿಸಿಕೊಂಡು ಇಳಿಜಾರು ಇಳಿಯುತ್ತಿದ್ದ ಉತ್ಸಾಹಿಗಳಿಂದ ಇದಕ್ಕೊಂದು ರೂಪ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಸ್ಪರ್ಧೆಯಾಗಿ ಸೇರಿತು. ಪಶ್ಚಿಮದ ಹಲವು ದೇಶಗಳಲ್ಲಿ ಈ ಸವಾರಿಗೆಂದೇ ಗುರುತು ಹಾಕಿದ ದಾರಿಗಳೂ ಶಿಬಿರದ ಜಾಗಗಳೂ ಇವೆ. ಕರ್ನಾಟಕದಲ್ಲಿ ಅಂಥ ಏರ್ಪಾಡು ತೀರಾ ಕಡಿಮೆ. ಇಲ್ಲಿ ಸೈಕಲ್ ಓಡುವುದು ರೈತರ ಗಾಡಿ, ಕುರಿಮಂದೆ, ಟ್ರ್ಯಾಕ್ಟರ್ ಓಡಾಡಿ ಮೂಡಿದ ದಾರಿಗಳಲ್ಲಿ. ಟೆಂಟ್ ನಿಲ್ಲುವುದು ಯಾರದೋ ಜಮೀನಿನಲ್ಲಿ.

ಊರಿಗೆ ಬಂದ ಸ್ನೇಹಿತರನ್ನು ಕರೆದುಕೊಂಡು ಇಂಥ ಪ್ರವಾಸ ಹೊರಡುವಾಗ ಎರಡು ವಿಷಯ ಮೊದಲೇ ಇತ್ಯರ್ಥವಾಗಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಅಭ್ಯಾಸ ಇರುವವರು ಎಷ್ಟು ದೂರ ತುಳಿಯಬಲ್ಲರು, ಮತ್ತು ರಾತ್ರಿ ಯಾರ ನೆಲದಲ್ಲಿ ಯಾರ ಒಪ್ಪಿಗೆಯಿಂದ ಮಲಗುವುದು. ಜಾಗ, ಋತು, ಸಾಮಾನು, ಊಟ ಎಲ್ಲವನ್ನೂ ಈ ಎರಡರ ಮೇಲೆ ನಿರ್ಧರಿಸಬೇಕಾಗುತ್ತದೆ.

ಜಾಗದ ಆಯ್ಕೆ

ಬೆಂಗಳೂರಿಗೆ ಬರುವ ಅತಿಥಿಗಳಿಗೆ ಎರಡು ದಿನದಲ್ಲಿ ದಕ್ಕುವ ಜಾಗವೆಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟದ ಸುತ್ತಲಿನ ಪ್ರದೇಶ. ಬೆಂಗಳೂರಿನ ನಡುಭಾಗದಿಂದ ಇದು ಸುಮಾರು 60 ಕಿ.ಮೀ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರ. ಹೈದರಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಪಕ್ಕದಲ್ಲೇ ಇದೆ. ಯಲಹಂಕ–ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ನಿಲ್ದಾಣವೂ ಇದೆ. ಆದರೆ ರೈಲಿನಲ್ಲಿ ಸೈಕಲ್ ಒಯ್ಯಬಹುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ನಂದಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬ್ರಹ್ಮಗಿರಿ, ಸ್ಕಂದಗಿರಿ, ಚನ್ನಗಿರಿ ಮೊದಲಾದ ಬೆಟ್ಟಗಳು ಇದರ ಸುತ್ತಲಿವೆ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ ನದಿಗಳು ಹುಟ್ಟುವುದು ಈ ಬೆಟ್ಟಸಾಲಿನ ಆಸುಪಾಸಿನಲ್ಲೇ. ಆದರೂ ಬುಡದ ನೆಲ ಒಣಭೂಮಿ. ಕೆಂಪು ಮಣ್ಣು, ಕಲ್ಲುಬಂಡೆ, ನೀಲಗಿರಿ ತೋಪು, ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟಗಳ ನಡುವೆ ಕೆರೆ ಏರಿಗಳೂ ಬಂಡಿಜಾಡುಗಳೂ ಹಬ್ಬಿಕೊಂಡಿವೆ. ಕಡಿದಾದ ಇಳಿಜಾರು ಬೇಡವೆನ್ನುವವರಿಗೆ ಸಮತಟ್ಟಾದ ದಾರಿ ಸಿಗುತ್ತದೆ, ಬೇಕೆನ್ನುವವರಿಗೆ ಏರು ಕಣ್ಣೆದುರೇ ಇದೆ. ಅಭ್ಯಾಸ ಇದ್ದವರೂ ಇಲ್ಲದವರೂ ಬೆರೆತ ಗುಂಪಿಗೆ ಈ ಅನುಕೂಲ ದೊಡ್ಡದು.

ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನ ಕಾಫಿ ಸೀಮೆ ಇನ್ನೂ ಹಸಿರಾಗಿದೆ, ನಿಜ. ಆದರೆ ಹೋಗಿ ಬರುವುದರಲ್ಲೇ ವಾರಾಂತ್ಯದ ಮುಕ್ಕಾಲು ಪಾಲು ಸಮಯ ಕಳೆಯುತ್ತದೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲೂ ಕೊಡಗಿನ ಹಲವು ಭಾಗಗಳಲ್ಲೂ ಕಾಡಾನೆಗಳು ತೋಟಗಳಲ್ಲೇ ತಿರುಗುತ್ತವೆ. ಅಲ್ಲಿ ಮುಂಜಾನೆಯ ಕತ್ತಲಲ್ಲಿ ಸೈಕಲ್ ತುಳಿಯುವುದೂ ಬಯಲಲ್ಲಿ ಟೆಂಟ್ ಹಾಕುವುದೂ ಅಪಾಯ. ಆ ಕಡೆಗೆ ಮೂರು ನಾಲ್ಕು ದಿನ ಬಿಡುವಿದ್ದಾಗ ಹೋಗಿ, ಹೋಮ್‌ಸ್ಟೇ ಒಳಗೆ ಉಳಿಯುವುದು ಸರಿ.

ಋತು

ಡಿಸೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗಿನ ಅವಧಿ ಎಲ್ಲಕ್ಕಿಂತ ಒಳ್ಳೆಯದು. ಮಣ್ಣು ಗಟ್ಟಿಯಾಗಿರುತ್ತದೆ, ಹಗಲು ಹಿತವಾಗಿರುತ್ತದೆ. ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ, ಬೆಳಗಿನ ಜಾವ ಮಂಜು ದಟ್ಟವಾಗಿ ಮುಂದಿನ ಸೈಕಲ್ ಕಾಣದಂತಾಗುವುದೂ ಉಂಟು. ಈ ತಿಂಗಳುಗಳಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ನಂತರ, ಮುಳುಗುವುದು ಸಂಜೆ ಆರರ ಸುಮಾರಿಗೆ. ದಿನದ ಲೆಕ್ಕವನ್ನು ಈ ಬೆಳಕಿನ ಒಳಗೆ ಮುಗಿಸಬೇಕು.

ಮಾರ್ಚ್‌ನಿಂದ ಮೇ ತನಕ ಬಿಸಿಲು ಹೆಚ್ಚು, ಹುಲ್ಲು ಒಣಗಿ ಬೆಟ್ಟಕ್ಕೆ ಬೆಂಕಿ ಬೀಳುವ ಕಾಲ. ಏಪ್ರಿಲ್, ಮೇನಲ್ಲಿ ಸಂಜೆಯ ಗುಡುಗು ಮಳೆ ಬೇರೆ. ಈ ಭಾಗದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಜೋರು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್‌ನಲ್ಲೂ ಸುರಿಯುತ್ತದೆ. ನೆಂದ ಕೆಂಪು ಮಣ್ಣು ಟೈರಿಗೆ ಅಂಟಿ ಫ್ರೇಮಿನ ಸಂದಿಯಲ್ಲಿ ತುಂಬಿಕೊಂಡು ಚಕ್ರ ತಿರುಗದಂತೆ ಮಾಡುತ್ತದೆ, ಒದ್ದೆ ಬಂಡೆ ಜಾರುತ್ತದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿಯಲ್ಲಿ ಗುಡ್ಡ ಕುಸಿದು, ಮೇಲಕ್ಕೆ ಹೋಗುವ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಹಿಂದಿನ ಎರಡು ದಿನ ಜೋರು ಮಳೆಯಾಗಿದ್ದರೆ ಮಣ್ಣಿನ ದಾರಿಯ ಸವಾರಿಯನ್ನು ಮುಂದಕ್ಕೆ ಹಾಕುವುದು ಲೇಸು. ಕೆಸರಿನಲ್ಲಿ ಕೊರೆದ ಟೈರಿನ ಜಾಡು ಒಣಗಿದ ಮೇಲೂ ಹಾಗೇ ಉಳಿದು, ಆ ದಾರಿ ಬಳಸುವ ರೈತರಿಗೆ ತೊಂದರೆ ಕೊಡುತ್ತದೆ.

ಒಪ್ಪಿಗೆ ಮತ್ತು ಕಾನೂನು

ಬೆಟ್ಟಗಳ ಇಳಿಜಾರಿನ ಬಹುಭಾಗ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅತಿಕ್ರಮವಾಗಿ ಹೋಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಸ್ಕಂದಗಿರಿಯಂಥ ಕಡೆ ಚಾರಣಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ, ನಿಗದಿತ ಸಮಯದಲ್ಲಿ ಮಾತ್ರ ಹೋಗಬೇಕು. ಅದು ಕಾಲ್ನಡಿಗೆಯ ದಾರಿಯೇ ಹೊರತು ಸೈಕಲ್ ದಾರಿಯಲ್ಲ. ಬೆಟ್ಟದ ತುದಿಯಲ್ಲಿ ಟೆಂಟ್ ಹೂಡಲು ಅವಕಾಶವಿಲ್ಲ. ಹಳೆಯ ವಿಡಿಯೊಗಳಲ್ಲಿ ಯಾರೋ ತುದಿಯಲ್ಲಿ ಮಲಗಿದ್ದನ್ನು ನೋಡಿ ಹೊರಟವರು ದಂಡ ತೆತ್ತು ಹಿಂದಿರುಗಬೇಕಾದೀತು.

ಆದ್ದರಿಂದ ಸವಾರಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಾರ್ವಜನಿಕ ದಾರಿಗಳಲ್ಲಿ, ರಾತ್ರಿಯ ವಾಸ ಖಾಸಗಿ ಜಮೀನಿನಲ್ಲಿ. ಟೆಂಟ್‌ಗೆ ಜಾಗ ಕೊಡುವ ತೋಟದ ಮನೆಗಳೂ ಶಿಬಿರಗಳೂ ಈ ಭಾಗದಲ್ಲಿ ಸಾಕಷ್ಟಿವೆ. ಕಾಯ್ದಿರಿಸುವಾಗ ಶೌಚಾಲಯ, ಕುಡಿಯುವ ನೀರು, ರಾತ್ರಿ ಕಾವಲು, ವಾಹನ ನಿಲ್ಲಿಸಲು ಜಾಗ, ಸೈಕಲ್ ಒಳಗಿಡಲು ಕೋಣೆ ಇವೆಯೇ ಎಂದು ಕೇಳಿಕೊಳ್ಳಬೇಕು. ಜೋರು ಸಂಗೀತ ಹಾಕುವ ಜಾಗವೇ ಎನ್ನುವುದನ್ನೂ ಕೇಳಬೇಕು, ಏಕೆಂದರೆ ಬೆಳಗ್ಗೆ ಐದಕ್ಕೆ ಏಳುವವರಿಗೆ ನಿದ್ದೆ ಮುಖ್ಯ. ಪರಿಚಿತ ರೈತರ ತೋಟವಾದರೆ ಯಜಮಾನರನ್ನು ಖುದ್ದಾಗಿ ಕಂಡು, ಎಷ್ಟು ಜನ, ಎಷ್ಟು ಟೆಂಟ್, ಒಲೆ ಹಚ್ಚುವುದುಂಟೇ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಊಟದ ಏರ್ಪಾಡನ್ನು ಆ ಮನೆಯವರಿಗೇ ವಹಿಸಿ ತಕ್ಕ ಹಣ ಕೊಟ್ಟರೆ ಇಬ್ಬರಿಗೂ ಅನುಕೂಲ.

ವಿದೇಶಿ ಪಾಸ್‌ಪೋರ್ಟ್ ಇರುವ ಅತಿಥಿಗಳಿದ್ದರೆ ಇನ್ನೆರಡು ಎಚ್ಚರಿಕೆ. ಅವರನ್ನು ತಂಗಿಸಿಕೊಂಡ ಶಿಬಿರದವರು ಅಥವಾ ಹೋಮ್‌ಸ್ಟೇಯವರು 24 ಗಂಟೆಯೊಳಗೆ ಆ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕಾಗುತ್ತದೆ. ಅದಕ್ಕಾಗಿ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಜತೆಯಲ್ಲಿರಬೇಕು. ಎರಡನೆಯದು ಉಪಗ್ರಹ ಫೋನ್ ಮತ್ತು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳ ವಿಷಯ. ಅಮೆರಿಕ, ಯುರೋಪಿನ ಚಾರಣಿಗರು ಇವನ್ನು ಸಾಮಾನ್ಯವಾಗಿ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಭಾರತದಲ್ಲಿ ಪರವಾನಗಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ, ವಿಮಾನ ನಿಲ್ದಾಣಗಳಲ್ಲಿ ಪೊಲೀಸ್ ಕ್ರಮಕ್ಕೆ ಒಳಗಾದವರೂ ಇದ್ದಾರೆ. ಅತಿಥಿಗಳು ವಿಮಾನ ಹತ್ತುವ ಮುನ್ನವೇ ಈ ಮಾತು ತಿಳಿಸಬೇಕು.

ಸೈಕಲ್ ಹೊಂದಿಸುವುದು

ಈ ನೆಲಕ್ಕೆ ಮುಂದಿನ ಫೋರ್ಕಿಗೆ ಮಾತ್ರ ಸಸ್ಪೆನ್ಷನ್ ಇರುವ, 27.5 ಅಥವಾ 29 ಇಂಚಿನ ಚಕ್ರದ, 2.1 ಇಂಚಿಗಿಂತ ಅಗಲ ಟೈರಿನ, ಡಿಸ್ಕ್ ಬ್ರೇಕ್ ಇರುವ ಸೈಕಲ್ ಸಾಕು. ಹಿಂದೆಯೂ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ ಬೇಕಾಗುವುದಿಲ್ಲ. ಅತಿಥಿಗಳು ಸ್ವಂತ ಸೈಕಲ್ ತರುವುದಕ್ಕಿಂತ ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ಬಾಡಿಗೆಗೆ ಪಡೆಯುವುದು ಸುಲಭ. ಬಾಡಿಗೆಗೆ ಹೇಳುವಾಗ ಪ್ರತಿಯೊಬ್ಬರ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ತಿಳಿಸಿ, ಅದಕ್ಕೆ ಹೊಂದುವ ಫ್ರೇಮ್ ಕೇಳಬೇಕು. ಸ್ವಂತ ಸೈಕಲ್ ತರುವವರು ತಮ್ಮ ವಿಮಾನ ಸಂಸ್ಥೆಯ ಸಾಮಾನು ನಿಯಮ ನೋಡಿಕೊಳ್ಳಬೇಕು. ಕ್ಯಾಂಪ್ ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಎಲೆಕ್ಟ್ರಿಕ್ ಸೈಕಲ್‌ನ ದೊಡ್ಡ ಬ್ಯಾಟರಿಗೂ ಪ್ರಯಾಣಿಕರ ವಿಮಾನದಲ್ಲಿ ಪ್ರವೇಶವಿಲ್ಲ, 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ನಿರ್ಬಂಧವಿದೆ.

ಸೈಕಲ್ ಕೈಗೆ ಬಂದ ಮೇಲೆ ಹೊರಡುವ ಹಿಂದಿನ ದಿನ ಒಂದು ಗಂಟೆ ಅದರ ಮೇಲೆ ಕಳೆಯಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೇರವಾಗುವಷ್ಟು ಸೀಟಿನ ಎತ್ತರ ಇರಬೇಕು. ಕಡಿದಾದ ಇಳಿಜಾರಿನಲ್ಲಿ ಮಾತ್ರ ಅದನ್ನು ಕೊಂಚ ಇಳಿಸಿಕೊಳ್ಳಬೇಕು. ಬಾಡಿಗೆ ಸೈಕಲ್‌ಗಳ ಟೈರಿಗೆ ಗಾಳಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಸವಾರರ ತೂಕಕ್ಕೆ ತಕ್ಕಂತೆ 28ರಿಂದ 35 ಪಿಎಸ್‌ಐ ಇಟ್ಟರೆ ಸಡಿಲ ಮಣ್ಣಿನಲ್ಲಿ ಹಿಡಿತ ಸಿಗುತ್ತದೆ. ಅದಕ್ಕಿಂತ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಸೀಳುತ್ತದೆ.

ಬ್ರೇಕ್ ವಿಷಯದಲ್ಲಿ ವಿಶೇಷ ಗಮನ ಬೇಕು. ಅಮೆರಿಕದಲ್ಲಿ ಎಡಗೈ ಲಿವರ್ ಮುಂದಿನ ಚಕ್ರದ್ದು. ಭಾರತದ ಅನೇಕ ಸೈಕಲ್‌ಗಳಲ್ಲಿ ಬಲಗೈ ಲಿವರ್ ಮುಂದಿನದು. ಕೈಗೆ ಹಳೆಯ ರೂಢಿ ಇರುವವರು ಇಳಿಜಾರಿನಲ್ಲಿ ಗಾಬರಿಯಿಂದ ತಪ್ಪು ಲಿವರ್ ಎಳೆದರೆ ಮುಂದಿನ ಚಕ್ರ ನಿಂತು, ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಯಾವ ಲಿವರ್ ಯಾವ ಚಕ್ರದ್ದು ಎಂದು ಪರೀಕ್ಷಿಸಿ, ಬೇಕಿದ್ದರೆ ಅಂಗಡಿಯಲ್ಲೇ ಅದಲು ಬದಲು ಮಾಡಿಸಬೇಕು. ಬಲಬದಿಯ ಸಂಚಾರಕ್ಕೆ ಒಗ್ಗಿದ ಅತಿಥಿಗಳಿಗೆ, ತಿರುವಿನಲ್ಲೂ ಖಾಲಿ ರಸ್ತೆಯಲ್ಲೂ ಎಡಕ್ಕೇ ಇರಬೇಕೆಂದು ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆ. ದಾರಿ ಖಾಲಿ ಇದ್ದಾಗಲೇ ಹಳೆಯ ಅಭ್ಯಾಸ ಮರಳುವುದು.

ಒಯ್ಯಬೇಕಾದ ಸಾಮಾನು

ಈ ಸೀಮೆಯ ದೊಡ್ಡ ಶತ್ರು ಜಾಲಿ ಮುಳ್ಳು. ಬೇಲಿಗೆ ಕಡಿದು ಹಾಕಿದ ಜಾಲಿಯ ಒಣ ಕೊಂಬೆ ದಾರಿಯುದ್ದಕ್ಕೂ ಬಿದ್ದಿರುತ್ತದೆ, ದಪ್ಪ ಟೈರನ್ನೂ ತೂರಿಕೊಂಡು ಒಳಹೋಗುತ್ತದೆ. ಪ್ರತಿ ಸೈಕಲ್‌ಗೆ ಅದರದೇ ಅಳತೆಯ ಎರಡು ಹೊಸ ಟ್ಯೂಬು, ಗುಂಪಿಗೆ ಎರಡು ಪಂಪು, ಟೈರ್ ಎತ್ತುವ ಪಟ್ಟಿಗಳು, ಪಂಕ್ಚರ್ ಸಾಮಾನು, ಅಲೆನ್ ಕೀ ಇರುವ ಮಲ್ಟಿಟೂಲ್, ಚೈನು ತುಂಡಾದರೆ ಸೇರಿಸುವ ಕೊಂಡಿ ಇರಬೇಕು. ಟ್ಯೂಬು ಬದಲಿಸುವ ಮುನ್ನ ಬಟ್ಟೆಯೊಂದನ್ನು ಟೈರಿನ ಒಳಗೆ ಸುತ್ತಲೂ ಸವರಿ, ಸಿಕ್ಕಿಕೊಂಡ ಮುಳ್ಳಿನ ಮೊನೆಯನ್ನು ಕಿತ್ತುಹಾಕಬೇಕು. ಇಲ್ಲವಾದರೆ ಹೊಸ ಟ್ಯೂಬೂ ಐದು ನಿಮಿಷದಲ್ಲಿ ಹೋಗುತ್ತದೆ. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇರುವ ಟ್ಯೂಬಿಗೆ ಹಳ್ಳಿಯ ಸೈಕಲ್ ಶಾಪಿನ ಪಂಪು ಹೊಂದುವುದಿಲ್ಲ. ಅದಕ್ಕೆ ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಮೈಮೇಲೆ ಹೆಲ್ಮೆಟ್, ಕೈಗವಸು, ಧೂಳು ತಡೆಯುವ ಕನ್ನಡಕ, ಗಟ್ಟಿ ಅಡಿಯ ಬೂಟು ಇವು ಕಡ್ಡಾಯ. ಹೆಲ್ಮೆಟ್ ಹಣೆಯ ಮೇಲೆ ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲೆ ಕೂರಬೇಕು. ಹಿಂದಕ್ಕೆ ಸರಿಸಿ ಹಾಕಿಕೊಂಡ ಹೆಲ್ಮೆಟ್‌ನಿಂದ ಹಣೆಗೆ ರಕ್ಷಣೆಯಿಲ್ಲ. ಗಾಯ ತೊಳೆಯುವ ಔಷಧ, ಬ್ಯಾಂಡೇಜು, ಅಗಲ ಪಟ್ಟಿ, ಓಆರ್‌ಎಸ್ ಪೊಟ್ಟಣ, ಅತಿಥಿಗಳು ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಒಂದೇ ಚೀಲದಲ್ಲಿರಲಿ. ಅವರ ಪ್ರಯಾಣ ವಿಮೆಯಲ್ಲಿ ಸೈಕಲ್ ಸವಾರಿಯ ಅಪಘಾತಕ್ಕೆ ರಕ್ಷಣೆ ಇದೆಯೇ ಎಂದೂ ನೋಡಿಕೊಳ್ಳುವುದು ಒಳ್ಳೆಯದು.

ರಾತ್ರಿಗೆ ಜಿಪ್ ಸರಿಯಾಗಿ ಮುಚ್ಚುವ ಟೆಂಟ್, ನೆಲದ ತಣಿವು ತಡೆಯುವ ಮ್ಯಾಟ್, ಚಳಿಗಾಲದಲ್ಲಿ ಸ್ಲೀಪಿಂಗ್ ಬ್ಯಾಗ್ ಅಥವಾ ಎರಡು ಕಂಬಳಿ, ತಲೆಗೆ ಕಟ್ಟುವ ಟಾರ್ಚು, ಉಣ್ಣೆಯ ಟೋಪಿ ಬೇಕು. ನೆಲ ಕಲ್ಲಾಗಿದ್ದು ಗೂಟ ಇಳಿಯದ ಕಡೆ ಟೆಂಟಿನ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಬೇಕಾಗುವುದರಿಂದ ಹೆಚ್ಚುವರಿ ಹಗ್ಗವೂ ಇರಲಿ.

ಶನಿವಾರ: ಬುಡದ ಹಳ್ಳಿಗಳ ಸುತ್ತು

ದೂರದ ವಿಮಾನದಿಂದ ಇಳಿದವರನ್ನು ಮರುದಿನವೇ ಹೊರಡಿಸಬಾರದು. ಅಮೆರಿಕದ ಕಡೆಯಿಂದ ಬಂದವರಿಗೆ ನಿದ್ದೆಯ ಲಯ ಸರಿಹೋಗಲು ಕನಿಷ್ಠ ಎರಡು ಮೂರು ದಿನ ಬೇಕು. ಸವಾರಿಯ ದೂರ ನಿರ್ಧರಿಸಲು ಒಂದು ಸರಳ ಲೆಕ್ಕವಿದೆ. ಗುಂಪಿನ ಅತಿ ಹೊಸಬರು ಡಾಂಬರಿನಲ್ಲಿ ಆರಾಮವಾಗಿ ಎಷ್ಟು ತುಳಿಯುವರೋ ಅದರ ಅರ್ಧದಷ್ಟೇ ಮಣ್ಣಿನ ದಾರಿಯಲ್ಲಿ ಇಟ್ಟುಕೊಳ್ಳಬೇಕು. ಬಂಡಿಜಾಡಿನಲ್ಲಿ 20 ಕಿ.ಮೀ. ಎಂದರೆ ನಿಲ್ಲುತ್ತಾ ನೋಡುತ್ತಾ ಸಾಗಿದರೆ ಮೂರು ಗಂಟೆಯ ಕೆಲಸ.

ವಾಹನವನ್ನು ತಂಗುವ ಜಾಗದಲ್ಲೋ ನಂದಿ ಗ್ರಾಮದಲ್ಲೋ ನಿಲ್ಲಿಸಿ, ಬೆಳಗ್ಗೆ ಏಳರೊಳಗೆ ಸೈಕಲ್ ಹತ್ತಿದರೆ ಬಿಸಿಲೇರುವ ಮುನ್ನ ಸುತ್ತು ಮುಗಿಯುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ನಂದಿ ಗ್ರಾಮದಿಂದ ಕೆಲವೇ ಕಿಲೋಮೀಟರ್ ದೂರ. ಅವರ ಸಮಾಧಿಯೂ ವಸ್ತುಸಂಗ್ರಹಾಲಯವೂ ಅಲ್ಲಿವೆ. ನಂದಿ ಗ್ರಾಮ, ಮುದ್ದೇನಹಳ್ಳಿ, ಬೆಟ್ಟದ ಅಂಚಿನ ಚಿಕ್ಕ ಹಳ್ಳಿಗಳನ್ನು ಸೇರಿಸಿ ವೃತ್ತಾಕಾರದ ದಾರಿ ಮಾಡಿಕೊಂಡರೆ, ಸುಸ್ತಾದವರು ಯಾವ ಹಂತದಲ್ಲಾದರೂ ಹತ್ತಿರದ ಡಾಂಬರು ರಸ್ತೆ ಹಿಡಿದು ವಾಪಸಾಗಬಹುದು. ಒಂದೇ ದಿಕ್ಕಿಗೆ ದೂರ ಹೋಗುವ ದಾರಿಯಲ್ಲಿ ಈ ಅನುಕೂಲವಿಲ್ಲ. ದಾರಿಯನ್ನು ಮೊದಲೇ ಉಪಗ್ರಹ ಚಿತ್ರದಲ್ಲಿ ನೋಡಿ, ಫೋನಿನಲ್ಲಿ ಇಳಿಸಿಟ್ಟುಕೊಳ್ಳಬೇಕು. ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ವಾರಿಗಳು ಹಲವು. ಬಂಡೆ ಸಿಡಿಸುವ ಜಾಗ, ಜಲ್ಲಿ ಲಾರಿ ಓಡುವ ದಾರಿಗಳಿಂದ ದೂರ ಉಳಿಯಬೇಕು. ಊರವರು ಬೇಡವೆಂದ ದಾರಿಗೆ ಹೋಗಬಾರದು.

ಸವಾರಿಯ ಕೌಶಲ ಕೆಲವೇ ಕೆಲವು. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ನಿಂತು, ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು, ಮೊಣಕಾಲು ಮೊಣಕೈ ಸಡಿಲ ಬಿಟ್ಟು, ಸೊಂಟವನ್ನು ಹಿಂದಕ್ಕೆ ತರಬೇಕು. ನೋಟ ಮುಂದಿನ ಚಕ್ರದ ಮೇಲಲ್ಲ, ನಾಲ್ಕೈದು ಮೀಟರ್ ಮುಂದೆ ಇರಬೇಕು. ಎರಡೂ ಬ್ರೇಕುಗಳನ್ನು ಒಟ್ಟಿಗೆ, ತಿರುವಿಗೆ ಮೊದಲೇ ಹಿಡಿಯಬೇಕು, ತಿರುವಿನ ನಡುವೆ ಅಲ್ಲ. ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬರಬೇಕು. ಭಾರ ಹಾಕಿ ತುಳಿಯುವಾಗ ಗೇರ್ ಬದಲಿಸಿದರೆ ಚೈನು ಕಳಚುತ್ತದೆ ಇಲ್ಲವೇ ತುಂಡಾಗುತ್ತದೆ. ಹಳ್ಳದ ಮರಳಿನಲ್ಲಿ ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ಒಣ ಬಂಡೆ ಟೈರಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಆದರೆ ನೀರು ಜಿನುಗಿ ಕಪ್ಪಾದ ಭಾಗದಲ್ಲಿ ಪಾಚಿ ಇರುತ್ತದೆ. ಕಷ್ಟವೆನಿಸಿದ ಕಡೆ ಇಳಿದು ತಳ್ಳಿಕೊಂಡು ಹೋಗುವುದು ಮೌಂಟೇನ್ ಬೈಕಿಂಗ್‌ನ ಭಾಗವೇ. ಮುಂದಾಳು ತಾನೇ ಮೊದಲು ಇಳಿದು ತೋರಿಸಿದರೆ ಅತಿಥಿಗಳಿಗೆ ಸಂಕೋಚ ಇರುವುದಿಲ್ಲ.

ಹಳ್ಳಿಯ ದಾರಿಗೆ ಅದರದೇ ಶಿಸ್ತು ಇದೆ. ಎದುರಿಗೆ ಕುರಿಮಂದೆ ಬಂದರೆ ಪಕ್ಕಕ್ಕೆ ನಿಂತು ಬಿಡಬೇಕು. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸದೆ ಇಳಿದು, ಸೈಕಲನ್ನು ನಡುವೆ ಹಿಡಿದು ನಡೆಯಬೇಕು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರವಿ ವಾಹನಗಳ ಚಕ್ರದಡಿ ಒಕ್ಕುವುದು ಈ ಕಡೆ ಸಾಮಾನ್ಯ. ಅದರ ಮೇಲೆ ಸೈಕಲ್ ಜಾರುತ್ತದೆ, ಹುಲ್ಲು ಗೇರಿಗೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ಇಳಿದು ಬದಿಯಿಂದ ದಾಟುವುದೇ ಕ್ಷೇಮ. ಬಿತ್ತಿದ ಹೊಲ, ಬದು, ಹನಿ ನೀರಾವರಿಯ ಪೈಪು ತುಳಿಯಬಾರದು. ತೋಟದ ಸುತ್ತಲಿನ ಸೋಲಾರ್ ತಂತಿ ಬೇಲಿಯನ್ನು ಮುಟ್ಟಬಾರದು. ಚಪ್ಪರದ ದ್ರಾಕ್ಷಿ ಎಷ್ಟೇ ಕೈಗೆಟಕುವಂತಿದ್ದರೂ ಕೀಳದೆ, ಬೇಕಾದರೆ ಕೇಳಿ ಕೊಂಡುಕೊಳ್ಳಬೇಕು.

ಹನ್ನೊಂದರ ನಂತರದ ಬಿಸಿಲಿನ ಹೊತ್ತಿಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಸೂಕ್ತ ನಿಲುಗಡೆ. ಒಂಬತ್ತನೇ ಶತಮಾನದ ನೊಳಂಬರ ಕಾಲದಿಂದ ಹಲವು ರಾಜವಂಶಗಳವರು ಕಟ್ಟುತ್ತಾ ಬಂದ ಈ ಗುಡಿಸಮುಚ್ಚಯ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಒಳಗಿನ ಮೆಟ್ಟಿಲು ಮೆಟ್ಟಿಲಾದ ಕಲ್ಯಾಣಿ ನೋಡುವಂಥದ್ದು. ಸೈಕಲ್‌ಗಳನ್ನು ಹೊರಗೆ ಬೀಗ ಹಾಕಿ ನಿಲ್ಲಿಸಿ, ಸವಾರಿಯ ಬಿಗಿ ಉಡುಪಿನ ಮೇಲೆ ಒಂದು ಪಂಚೆಯನ್ನೋ ಸಡಿಲ ಪ್ಯಾಂಟನ್ನೋ ತೊಟ್ಟು ಒಳಹೋಗುವುದು ಮರ್ಯಾದೆ.

ನೀರು, ಊಟ

ಸವಾರಿಯಲ್ಲಿ ಗಂಟೆಗೆ ಅರ್ಧ ಲೀಟರ್‌ನಂತೆ ನೀರು ಬೇಕು, ಶಿಬಿರದ ಬಳಕೆಯನ್ನೂ ಸೇರಿಸಿದರೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಬೇಕು. ಇಲ್ಲಿ ಹರಿಯುವ ಹೊಳೆಯಿಲ್ಲ, ಕೆರೆಯ ನೀರು ಕುಡಿಯಲು ಯೋಗ್ಯವಲ್ಲ. ಹೊರಗಿನಿಂದ ಬಂದವರ ಹೊಟ್ಟೆಗೆ ಕುದಿಸಿ ಆರಿಸಿದ ನೀರೋ ಮುಚ್ಚಿದ ಬಾಟಲಿಯ ನೀರೋ ಸುರಕ್ಷಿತ. ಬೆವರಿನಲ್ಲಿ ಹೋದ ಉಪ್ಪಿಗೆ ಎಳನೀರು, ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆ ಪಾನಕ ಸಾಕು. ಜೇಬಿಗೆ ಬಾಳೆಹಣ್ಣು, ಖರ್ಜೂರ, ಕಡಲೆ ಮಿಠಾಯಿ ಒಳ್ಳೆಯ ಬುತ್ತಿ. ಅವು ಬಿಸಿಲಿಗೆ ಚಾಕೊಲೇಟಿನಂತೆ ಕರಗುವುದಿಲ್ಲ.

ರಾತ್ರಿ ಊಟಕ್ಕೆ ಈ ಸೀಮೆಯ ಮುದ್ದೆ, ಸೊಪ್ಪಿನ ಸಾರು, ಚಳಿಗಾಲವಾದರೆ ಅವರೆಕಾಳು ಸಾರು ಸಿಕ್ಕಿದರೆ ಬೇರೇನೂ ಬೇಡ. ಮುದ್ದೆಯನ್ನು ಅಗಿಯದೆ ನುಂಗುವ ಬಗೆ ಹೊಸಬರಿಗೆ ತೋರಿಸಿಕೊಡಬೇಕು. ಖಾರ ಒಗ್ಗದವರಿಗೆ ಅನ್ನ, ಮೊಸರು ಇರಲಿ. ಯಾರಿಗಾದರೂ ಕಡಲೆಕಾಯಿಯ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಅವಶ್ಯ. ಇಲ್ಲಿನ ಚಟ್ನಿ, ಚಿತ್ರಾನ್ನ, ಪುಡಿಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ.

ಟೆಂಟ್ ಮತ್ತು ರಾತ್ರಿ

ಸಂಜೆ ಐದರೊಳಗೆ ಟೆಂಟ್ ಎದ್ದು ನಿಂತಿರಬೇಕು. ಸ್ವಲ್ಪ ಎತ್ತರದ, ನೀರು ನಿಲ್ಲದ ನೆಲ ಆರಿಸಬೇಕು. ಹಳ್ಳದ ಪಾತ್ರ, ಕೆರೆಯಂಗಳ, ತೆಂಗಿನ ಮರದ ಬುಡ, ಒಣ ಕೊಂಬೆಯ ಅಡಿ, ಹುಲ್ಲಿನ ಬಣವೆಯ ಪಕ್ಕ, ಹುತ್ತದ ಹತ್ತಿರ ಬೇಡ. ಬಂಡೆಗಳ ಗೋಡೆಗೆ ಅಂಟಿದ ಹೆಜ್ಜೇನಿನ ಹುಟ್ಟು ಈ ಬೆಟ್ಟಗಳಲ್ಲಿ ಸಾಮಾನ್ಯ. ಹೊಗೆ, ಗದ್ದಲ, ಗಾಢ ಸುಗಂಧದಿಂದ ಜೇನು ಕೆರಳುತ್ತದೆ. ಹುಟ್ಟು ಕಂಡ ಕಡೆಯಿಂದ ಸದ್ದಿಲ್ಲದೆ ದೂರ ಸರಿಯಬೇಕು.

ಈ ಬೆಟ್ಟಗಳಲ್ಲಿ ಚಿರತೆಗಳಿವೆ. ಕತ್ತಲಾದ ಮೇಲೆ ಶಿಬಿರದ ಬೇಲಿ ದಾಟಿ ಒಬ್ಬರೇ ಹೋಗಬಾರದು, ಮಾಂಸದ ತುಣುಕು, ಎಂಜಲನ್ನು ಹೊರಗೆ ಎಸೆಯಬಾರದು, ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಹಾವಿನ ವಿಷಯದಲ್ಲಿ ಟೆಂಟಿನ ಜಿಪ್ ಸದಾ ಮುಚ್ಚಿರುವುದೇ ಮೊದಲ ರಕ್ಷಣೆ, ಏಕೆಂದರೆ ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ರಾತ್ರಿಯೇ. ಬೂಟುಗಳನ್ನು ಒಳಗಿಟ್ಟು, ಬೆಳಗ್ಗೆ ಕೊಡವಿ ತೊಡಬೇಕು. ಟಾರ್ಚಿಲ್ಲದೆ ಹೆಜ್ಜೆ ಇಡಬಾರದು.

ಬೆಂಕಿಯನ್ನು ಜಾಗದ ಯಜಮಾನರು ತೋರಿಸಿದ ಕಡೆ, ಮಣ್ಣು ಬಗೆದು ಕಲ್ಲು ಸುತ್ತಿಟ್ಟ ಗುಂಡಿಯಲ್ಲಿ ಮಾತ್ರ ಹಾಕಬೇಕು. ಗಾಳಿ ಬೀಸುವ ರಾತ್ರಿ, ಅಥವಾ ಫೆಬ್ರುವರಿಯ ನಂತರ, ಬೆಂಕಿಯೇ ಬೇಡ. ಮಲಗುವ ಮುನ್ನ ನೀರು ಸುರಿದು, ಬೂದಿಯ ಮೇಲೆ ಕೈ ಹಿಡಿದು ಬಿಸಿಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಟೆಂಟ್ ಒಳಗೆ ಇದ್ದಲು, ಗ್ಯಾಸ್ ಒಲೆ ಉರಿಸಿದರೆ ವಿಷಾನಿಲದಿಂದ ನಿದ್ದೆಯಲ್ಲೇ ಪ್ರಾಣ ಹೋಗುವ ಅಪಾಯವಿದೆ. ಶೌಚಾಲಯವಿಲ್ಲದ ತೋಟವಾದರೆ ನೀರಿನ ಮೂಲದಿಂದ 60 ಮೀಟರ್ ದೂರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಬೇಕು, ಕಾಗದ, ಪ್ಯಾಡುಗಳನ್ನು ಚೀಲದಲ್ಲಿ ಕಟ್ಟಿ ವಾಪಸು ಒಯ್ಯಬೇಕು.

ಭಾನುವಾರ: ಬೆಟ್ಟ ಏರುವುದೇ, ಬೇಡವೇ

ನಂದಿಯ ಮೇಲಿನವರೆಗೂ ಡಾಂಬರು ರಸ್ತೆ ಇದೆ. ಕೊನೆಯ ಏಳೆಂಟು ಕಿಲೋಮೀಟರ್‌ನಲ್ಲಿ ನಲವತ್ತರಷ್ಟು ತಿರುವುಗಳು, ನಾನೂರು ಮೀಟರ್‌ಗೂ ಹೆಚ್ಚಿನ ಏರು. ಬೆಂಗಳೂರಿನ ಸೈಕಲ್ ಸವಾರರಿಗೆ ಇದು ಬಹುಕಾಲದ ಪರೀಕ್ಷೆಯ ಏರು. ದಪ್ಪ ಟೈರಿನ ಸೈಕಲ್‌ನಲ್ಲಿ ಅಭ್ಯಾಸವಿದ್ದವರಿಗೆ ಒಂದು ಗಂಟೆ, ಉಳಿದವರಿಗೆ ಎರಡು ಗಂಟೆ ಹಿಡಿಯುತ್ತದೆ. ತೊಂದರೆಯಿರುವುದು ಏರಿನಲ್ಲಲ್ಲ, ವಾರಾಂತ್ಯದ ವಾಹನಗಳಲ್ಲಿ. ಸೂರ್ಯೋದಯ ನೋಡಲು ನಸುಕಿನಲ್ಲೇ ಕಾರು, ಬೈಕುಗಳ ಸಾಲು ಏರುತ್ತದೆ. ಜನದಟ್ಟಣೆ ನೋಡಿ ಜಿಲ್ಲಾಡಳಿತ ಪ್ರವೇಶಕ್ಕೆ ನಿರ್ಬಂಧ ಹಾಕುವುದೂ ಉಂಟು, ಆದ್ದರಿಂದ ಹೊರಡುವ ವಾರ ಗೇಟಿನ ಸಮಯ ವಿಚಾರಿಸಬೇಕು. ಸೂರ್ಯೋದಯದ ಆಸೆ ಬಿಟ್ಟು, ಆ ವಾಹನಗಳು ಮೇಲೆ ತಲುಪಿದ ಮೇಲೆ ನಿಧಾನವಾಗಿ ಹತ್ತುವುದು ಸೈಕಲ್‌ಗೆ ಕ್ಷೇಮ. ಸೈಕಲ್‌ಗೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಮಂಜಿನಲ್ಲಿ ಕಡ್ಡಾಯ.

ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡರೆ ಡಿಸ್ಕ್ ಕಾದು ಹಿಡಿತ ತಪ್ಪುತ್ತದೆ. ಹಿಡಿದು ಬಿಡುತ್ತಾ, ಅಗತ್ಯವಿದ್ದರೆ ನಡುವೆ ನಿಂತು ತಣಿಯಲು ಬಿಟ್ಟು ಇಳಿಯಬೇಕು. ಕೋತಿಗಳು ಚೀಲಕ್ಕೆ ಕೈ ಹಾಕುವುದರಿಂದ ತಿಂಡಿಯನ್ನು ಹೊರಗೆ ತೆಗೆಯಬಾರದು. ಏರು ಬೇಡವೆನ್ನುವವರಿಗೆ ಅದೇ ಹೊತ್ತಿನಲ್ಲಿ ಬುಡದ ಹಳ್ಳಿಗಳ ಹತ್ತು ಕಿಲೋಮೀಟರ್ ಸುತ್ತು ಸಾಕು. ಗುಂಪು ಎರಡಾದರೆ ಪ್ರತಿ ಗುಂಪಿನಲ್ಲೂ ಕನ್ನಡ ಬಲ್ಲವರೊಬ್ಬರು, ಪಂಕ್ಚರ್ ಹಾಕಬಲ್ಲವರೊಬ್ಬರು ಇರಬೇಕು. ಇದೇ ಜಿಲ್ಲೆಯ ಆವಲಬೆಟ್ಟದ ಕಡೆಗೂ ಹೋಗಬೇಕೆನ್ನುವ ಉತ್ಸಾಹ ಬಂದರೆ ಅದನ್ನು ಇನ್ನೊಂದು ವಾರಾಂತ್ಯಕ್ಕೆ ಇಟ್ಟುಕೊಳ್ಳುವುದು ಜಾಣತನ.

ಅವಘಡವಾದಾಗ

ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108 ಕರೆ ಮಾಡಬಹುದು. ದೊಡ್ಡ ಚಿಕಿತ್ಸೆಗೆ ಹತ್ತಿರದ ಊರು ಚಿಕ್ಕಬಳ್ಳಾಪುರ. ವಿದೇಶಿ ಸಿಮ್ ಕೈಕೊಡಬಹುದಾದ್ದರಿಂದ ಪ್ರತಿ ಗುಂಪಿನಲ್ಲೂ ಸ್ಥಳೀಯ ಸಿಮ್ ಇರುವ ಫೋನು ಬೇಕು. ತಲೆಗೆ ಪೆಟ್ಟಾಗಿ ವಾಂತಿ, ಮಂಕು, ಮರೆವು ಕಾಣಿಸಿದರೆ ಸವಾರಿ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಒಯ್ಯಬೇಕು. ಭುಜದ ಮೇಲೆ ಬಿದ್ದು ಕೈ ಎತ್ತಲಾಗದಿದ್ದರೆ ಪಂಚೆಯಿಂದ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿ ವಾಹನ ತರಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಉಂಗುರ, ಬಳೆ, ಕೈಗಡಿಯಾರ ಕಳಚಿ, ಕಚ್ಚಿದ ಅಂಗ ಅಲುಗದಂತೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಸೇರಿಸಬೇಕು. ನಾಯಿ ಅಥವಾ ಕೋತಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೋಗಬೇಕು. ಚಿಕ್ಕ ಗಾಯವೆಂದು ಬಿಡುವಂತಿಲ್ಲ.

ಹಿಂದಿರುಗುವ ಮುನ್ನ

ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಭಾನುವಾರ ಸಂಜೆ ವಾಹನ ದಟ್ಟಣೆ ಹೆಚ್ಚುವುದರಿಂದ ಮಧ್ಯಾಹ್ನದ ಊಟ ಮುಗಿಸಿ ಎರಡರೊಳಗೆ ಹೊರಡುವುದು ಒಳ್ಳೆಯದು. ಟೆಂಟ್ ಒದ್ದೆಯಿದ್ದರೆ ಬಿಸಿಲಿಗೆ ಒಣಗಿಸಿ ಮಡಿಸಬೇಕು. ಸೈಕಲ್‌ಗಳನ್ನು ಕಾರಿನ ಹಿಂದಿನ ಕ್ಯಾರಿಯರ್‌ಗೆ ಕಟ್ಟಿದಾಗ ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚಬಾರದು. ಬಾಡಿಗೆ ಸೈಕಲ್‌ನ ಮಣ್ಣು ತೊಳೆದು, ಆದ ಗೀರು ಗಾಯಗಳನ್ನು ಅಂಗಡಿಯವರಿಗೆ ಮೊದಲೇ ಹೇಳಿದರೆ ತಕರಾರು ಹುಟ್ಟುವುದಿಲ್ಲ. ಟೆಂಟ್ ಇದ್ದ ಜಾಗದಲ್ಲಿ ಒಂದು ಸುತ್ತು ನಡೆದು ಪ್ಲಾಸ್ಟಿಕ್, ಹಳೆಯ ಟ್ಯೂಬು, ಬಾಟಲಿಯ ಮುಚ್ಚಳಗಳನ್ನು ಹೆಕ್ಕಿಕೊಂಡು, ಜಾಗದ ಯಜಮಾನರಿಗೆ ತೋರಿಸಿ, ಹೇಳಿ ಹೊರಡಬೇಕು. ಗುರುತು ಹಾಕಿದ ದಾರಿಗಳಿಲ್ಲದ ಈ ನಾಡಿನಲ್ಲಿ ಮುಂದಿನ ಸವಾರರಿಗೆ ಗೇಟು ತೆರೆಯುವುದೂ ಮುಚ್ಚುವುದೂ ಹಿಂದೆ ಬಂದುಹೋದವರ ನಡತೆಯ ಮೇಲೆ ನಿಂತಿದೆ.